ಕರೆಂಟ್ ನಡೆದಾಗ ಅವ್ವನ ಚರ್ಮ: ಜಳಕ, ಕ್ರೀಮು, ಕುಬಸ, ಮತ್ತು ಕೊನೆಯ ದಿನ ಮುಗಿದ ಮೇಲೆ

ನೀವು ಬರೆದದ್ದು ಇಷ್ಟು: ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ಎಡಗಡೆ ಸ್ತನವನ್ನು ಪೂರ್ತಿ ತೆಗೆಯದೆ ಕ್ಯಾನ್ಸರ್ ಗಡ್ಡೆಯನ್ನಷ್ಟೇ ತೆಗೆದಿದ್ದಾರೆ. ಜಮಖಂಡಿ ಕಡೆಯಿಂದ ಬಂದು ಬೆಳಗಾವಿಯಲ್ಲಿ ರೂಮು ಮಾಡಿದ್ದೀರಿ. 15 ಸಲದ ಕರೆಂಟಿನಲ್ಲಿ, ಅಂದರೆ ರೇಡಿಯೇಷನ್ ಚಿಕಿತ್ಸೆಯಲ್ಲಿ, 8 ಮುಗಿದಿದೆ. ಕಂಕುಳು ಉರಿಯುತ್ತದೆ, ಎದೆಯ ಕೆಳಗೆ ಚರ್ಮ ಕಪ್ಪಾಗಿದೆ. ಪಕ್ಕದ ರೂಮಿನವರು ಜಳಕ ಮಾಡಿಸಬೇಡಿ ಅಂದರು, ಊರಿಂದ ಅತ್ತೆ ಫೋನ್ ಮಾಡಿ ಅರಿಶಿನ-ಬೆಣ್ಣೆ ಹಚ್ಚು ಅಂದರು. ಯಾರ ಮಾತು ಕೇಳಬೇಕು ಅಂತ ಕೇಳಿದ್ದೀರಿ.

ಇಬ್ಬರದೂ ಬೇಡ. ಜಳಕ ಮಾಡಿಸಿ, ಅರಿಶಿನ ಹಚ್ಚಬೇಡಿ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನೀವೀಗ ನೋಡುತ್ತಿರುವುದು ಬರೀ ಆರಂಭ. ಚರ್ಮ ಎಲ್ಲಕ್ಕಿಂತ ಹೆಚ್ಚು ಕೆಡುವುದು ಕೊನೆಯ ದಿನ ಮುಗಿದು ಒಂದೆರಡು ವಾರದಲ್ಲಿ, ಅಂದರೆ ನೀವು ರೂಮು ಖಾಲಿ ಮಾಡಿ ಊರು ಸೇರಿದ ಮೇಲೆ. ಹೆಚ್ಚಿನವರು ಎಡವುವುದು ಅಲ್ಲಿಯೇ.

ಕಾರಣ ಹೀಗೆ. ಚರ್ಮದ ತಳದ ಪದರಿನಲ್ಲಿ ಹುಟ್ಟಿದ ಹೊಸ ಜೀವಕೋಶ ಮೇಲೆ ಬರಲು ಸುಮಾರು 3–4 ವಾರ ಬೇಕು. ಕಿರಣ ಆ ತಳದ ಹುಟ್ಟನ್ನು ತಡೆಯುತ್ತದೆ, ಮೇಲಿನ ಪದರು ಮಾತ್ರ ಎಂದಿನಂತೆ ಉದುರುತ್ತಾ ಹೋಗುತ್ತದೆ. ಹಗೇವಿನಿಂದ (ಕಾಳು ತುಂಬಿಡುವ ನೆಲದಡಿಯ ಗುಂಡಿ) ಜೋಳ ತೆಗೆಯುತ್ತಾ ಹೋಗಿ ಹೊಸ ರಾಶಿ ಸುರಿಯದಿದ್ದರೆ ಹೇಗೋ ಹಾಗೆ. ಮೊದಲ ವಾರ ಏನೂ ಗೊತ್ತಾಗುವುದಿಲ್ಲ, ತಳ ಕಾಣುವುದು ತಡವಾಗಿ. ಮಷೀನು ನಿಂತ ದಿನವೇ ಭರ್ತಿ ಶುರುವಾಗುವುದಿಲ್ಲ. ಗಡ್ಡೆ ಇದ್ದ ಜಾಗಕ್ಕೆ ಬೂಸ್ಟ್ ಅಂತ ಮತ್ತೆ 4ರಿಂದ 8 ಸಲ ಕೊಡುವುದುಂಟು. ನಿಮಗೂ ಇದೆಯಾ ಕೇಳಿಕೊಳ್ಳಿ, ಇದ್ದರೆ ಲೆಕ್ಕ ಅಷ್ಟು ಮುಂದೆ ಹೋಗುತ್ತದೆ.

ಇನ್ನು 'ಕರೆಂಟ್' ಎಂಬ ಹೆಸರು. ಎಲ್ಲರೂ ಹಾಗೇ ಅಂತೀವಿ, ಆದರೆ ಅದು ಮೈಗೆ ಕೊಡುವ ವಿದ್ಯುತ್ತೂ ಅಲ್ಲ, ಬೆಂಕಿಯ ಶಾಖವೂ ಅಲ್ಲ. ಎಕ್ಸ್‌ರೇ ಜಾತಿಯದೇ ಕಿರಣ, ಶಕ್ತಿ ಮಾತ್ರ ಬಹಳ. ಕರೆಂಟ್ ಅಂದಾಕ್ಷಣ ಸುಟ್ಟ ಗಾಯ ಅಂದುಕೊಂಡು ಹಳದಿ ಮುಲಾಮು, ಟೂತ್‌ಪೇಸ್ಟ್, ಐಸ್ ತುಂಡು ಇಡುವವರಿದ್ದಾರೆ. ಯಾವುದೂ ಬೇಡ. ಬಿಸಿನೀರಿನ ಚೀಲದ ಕಾವೂ ಬೇಡ, ಐಸೂ ಬೇಡ. ಆ ಚರ್ಮಕ್ಕೆ ಬಿಸಿ-ತಂಪು ತಾಳುವ ಶಕ್ತಿ ಈಗ ಕಡಿಮೆ. ಮತ್ತೆ, ಈ ಚಿಕಿತ್ಸೆ ಹೊರಗಿನಿಂದ ಕೊಡುವಂಥದ್ದು, ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಅವ್ವ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು.

ಪುಸ್ತಕಗಳಲ್ಲಿ 'ಚರ್ಮ ಕೆಂಪಾಗುತ್ತದೆ' ಅಂತ ಬರೆದಿರುತ್ತಾರೆ. ನಮ್ಮ ಮೈಬಣ್ಣದಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಕಪ್ಪಾಗುತ್ತದೆ, ಕೆಲವರಿಗೆ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಕಣ್ಣನ್ನಷ್ಟೇ ನಂಬಬೇಡಿ. ಕೈಯ ಹಿಂಬದಿಯನ್ನು ಎರಡೂ ಕಡೆ ಇಟ್ಟು ಬಿಸಿ ಹೋಲಿಸಿ, ಬಿಗಿದಂತೆ ಆಗಿದೆಯಾ, ತುರಿಸುತ್ತದೆಯಾ ಕೇಳಿ. ದಿನಾ ಬೆಳಿಗ್ಗೆ ಒಂದೇ ಕಿಟಕಿಯ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಡಾಕ್ಟರಿಗೂ ಅನುಕೂಲ. ಅವ್ವ ನಾಚಿಕೊಂಡರೆ ಅವರ ಫೋನಿನಲ್ಲೇ ಇರಲಿ.

ಈಗ ಮುಖ್ಯ ಜಾಗಕ್ಕೆ ಬರುತ್ತೇನೆ: ಸ್ತನದ ಕೆಳಗಿನ ಸಂದಿ ಮತ್ತು ಕಂಕುಳು. ಎದೆಯ ಮೇಲ್ಭಾಗ ಎಷ್ಟು ಕಪ್ಪಾದರೂ ಸಾಮಾನ್ಯವಾಗಿ ಒಣಗಿ ಉದುರಿ ಸರಿಹೋಗುತ್ತದೆ. ನೀರೊಡೆದು ಹಸಿಯಾಗುವುದು ಹೆಚ್ಚಾಗಿ ಸಂದಿಯಲ್ಲೇ. ಈಗಿನ ಮಷೀನುಗಳ ಕಿರಣ ಚರ್ಮ ಮುಟ್ಟಿದ ಕೂಡಲೇ ಪೂರ್ಣ ಬಲಕ್ಕೆ ಬರುವುದಿಲ್ಲ, ಸುಮಾರು ಒಂದೂವರೆ ಸೆಂಟಿಮೀಟರ್ ಒಳಗೆ ಹೋದ ಮೇಲೆ ಬರುತ್ತದೆ. ಮೇಲಿನ ಚರ್ಮ ಇದರಿಂದ ಸ್ವಲ್ಪ ಉಳಿದುಕೊಳ್ಳುತ್ತದೆ. ಆದರೆ ಚರ್ಮದ ಮೇಲೆ ಚರ್ಮ ಬಿದ್ದ ಕಡೆ, ಒಳಗಿನ ಪದರಿಗೆ ಮೇಲಿನದೇ ಹೊದಿಕೆಯಾಗಿ ಪೂರ್ಣ ಪೆಟ್ಟು ಬೀಳುತ್ತದೆ. ಅದರ ಮೇಲೆ ಬೆವರು, ತಿಕ್ಕಾಟ. ದಪ್ಪ ಮೈಯವರಿಗೆ, ಸಕ್ಕರೆ ಇದ್ದವರಿಗೆ, ತಂಬಾಕು ಹಾಕುವವರಿಗೆ ಇನ್ನೂ ಹೆಚ್ಚು. (ಸ್ತನ ಪೂರ್ತಿ ತೆಗೆದವರಿಗೆ ಕೆಲವೊಮ್ಮೆ ಎದೆಯ ಮೇಲೆ ಒಂದು ಮೆತ್ತನೆಯ ಹಾಳೆ ಹಾಸಿ ಕಿರಣ ಕೊಡುತ್ತಾರೆ. ಅದು ಚರ್ಮಕ್ಕೂ ಪೂರ್ಣ ಬಲ ತಲುಪಲಿ ಅಂತ ಬೇಕೆಂದೇ ಮಾಡುವುದು. ಅವರಿಗೆ ಚರ್ಮ ಹೆಚ್ಚು ಕೆಡುವುದು ತಪ್ಪಲ್ಲ.)

ಸಂದಿಗೆ ಬೇಕಾದದ್ದು ಗಾಳಿ. ದಿನಕ್ಕೆ ಮೂರು ಸಲ ಅವ್ವ ಅಂಗಾತ ಮಲಗಲಿ, ಸ್ತನವನ್ನು ಕೈಯಿಂದ ಮೇಲೆತ್ತಿ ಹಿಡಿದು 10–15 ನಿಮಿಷ ಸಂದಿ ಬಿಚ್ಚಿಡಲಿ, ಫ್ಯಾನು ಸಣ್ಣಗಿರಲಿ. ಆಮೇಲೆ ಹಳೆಯ ಧೋತರದ ತುಂಡೊಂದನ್ನು ಒಂದೇ ಪದರಾಗಿ ಸಂದಿಯಲ್ಲಿಡಿ, ಎರಡೂ ತುದಿ ಹೊರಗೆ ಕಾಣುವಷ್ಟು ಉದ್ದವಿರಲಿ. ಒದ್ದೆಯಾದ ಕೂಡಲೇ ಬದಲಿಸಿ; ಒದ್ದೆ ಬಟ್ಟೆ ಇಟ್ಟುಕೊಳ್ಳುವುದಕ್ಕಿಂತ ಬಟ್ಟೆ ಇಲ್ಲದಿರುವುದೇ ಮೇಲು. ಹೀಗೆ ಏಳೆಂಟು ತುಂಡು ಕತ್ತರಿಸಿ ಒಗೆದಿಡಿ. ಕಂಕುಳಿಗೆ, ಕೂತಾಗ ಪಕ್ಕದಲ್ಲಿ ದಿಂಬಿಟ್ಟು ಅದರ ಮೇಲೆ ಕೈ ಇಟ್ಟರೆ ಸಾಕು. ಪೌಡರು ಹಾಕಬೇಡಿ. ಬೆವರಿಗೆ ಸೇರಿ ಗಂಟುಗಟ್ಟುತ್ತದೆ, ಆ ಗಂಟೇ ತಿಕ್ಕುತ್ತದೆ. ಕಂಕುಳ ಕೂದಲು ಬ್ಲೇಡಿನಿಂದ ತೆಗೆಯುವುದೂ ಸದ್ಯಕ್ಕೆ ಬೇಡ.

ಜಳಕ ದಿನಾ ಆಗಲಿ. ನೀರು ಸೋಕಿದರೆ ಕೆಡುತ್ತದೆ ಎನ್ನುವುದು ಹಳೆಯ ನಂಬಿಕೆ. ತೊಳೆದವರನ್ನೂ ತೊಳೆಯದವರನ್ನೂ ಇಟ್ಟು ನೋಡಿದಾಗ ತೊಳೆದವರಿಗೆ ಹೆಚ್ಚು ತೊಂದರೆಯಾಗಲಿಲ್ಲ. ತೊಳೆಯುವ ರೀತಿ ಮಾತ್ರ ಬೇರೆ. ಉಗುರುಬೆಚ್ಚಗಿನ ನೀರು, ಹೆಗಲಿನಿಂದ ಇಳಿಯುವ ಹಾಗೆ ತಂಬಿಗೆಯಲ್ಲಿ ನಿಧಾನ ಹಾಕುವುದು. ವಾಸನೆ ಕಡಿಮೆ ಇರುವ ಸೌಮ್ಯ ಸಾಬೂನನ್ನು ಅಂಗೈಯಲ್ಲಿ ನೊರೆ ಮಾಡಿ ಆ ನೊರೆಯನ್ನಷ್ಟೇ ಸವರುವುದು. ಸಾಬೂನಿನ ಬಿಲ್ಲೆ, ಬ್ರಶ್ಶು, ತಿಕ್ಕುವ ಕಲ್ಲು, ಕಡಲೆಹಿಟ್ಟು ಆ ಕಡೆ ಸುಳಿಯಬಾರದು. ತಲೆಗೆ ಹಾಕುವಾಗ ಮುಂದೆ ಬಾಗಿದರೆ ಸೀಗೆಕಾಯಿ ನೀರು ಎದೆಗೆ ಇಳಿಯುವುದಿಲ್ಲ. ಬೋರಿನ ಗಡಸು ನೀರಾದರೆ ಕೊನೆಗೊಂದು ತಂಬಿಗೆ ಕಾಯಿಸಿ ಆರಿಸಿದ ಕುಡಿಯುವ ನೀರು ಹಾಕಿ. ಟವೆಲ್ಲಿನಿಂದ ಒರೆಸಬಾರದು, ಮೆತ್ತನೆಯ ಬಟ್ಟೆ ಒತ್ತಿ ಒತ್ತಿ ತೆಗೆಯಬೇಕು. ಕಿರಣ ಬೀಳಬೇಕಾದ ಜಾಗ ಗುರುತಿಸಲು ಮೈಮೇಲೆ ಬರೆದ ಬಣ್ಣದ ಗೆರೆ ಮಾಸುತ್ತಿದ್ದರೆ ಟೆಕ್ನಿಷಿಯನ್ನರಿಗೆ ಹೇಳಿ. ಪೆನ್ನು ತೆಗೆದುಕೊಂಡು ನೀವೇ ತಿದ್ದಬೇಡಿ, ಅರ್ಧ ಸೆಂಟಿಮೀಟರ್ ಆಚೀಚೆಯಾದರೂ ಅಳತೆಯೇ ತಪ್ಪುತ್ತದೆ.

ಕ್ರೀಮು ದಿನಕ್ಕೆ ಎರಡು ಸಲ: ಕರೆಂಟು ಮುಗಿಸಿ ಬಂದ ಮೇಲೆ ಒಮ್ಮೆ, ಮಲಗುವಾಗ ಒಮ್ಮೆ. ಸುವಾಸನೆ ಇಲ್ಲದ, ಮೆಂಥಾಲ್ ಇಲ್ಲದ ಸಾದಾ ಮಾಯಿಶ್ಚರೈಸರ್ ಸಾಕು, ದುಬಾರಿ ಟ್ಯೂಬಿಗೆ ವಿಶೇಷ ಗುಣವೇನೂ ಇಲ್ಲ. ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದಕ್ಕೆ ಹಿಂಡಿದರೆ ಅರ್ಧ ಗ್ರಾಂ. ಅಂಥ ಮೂರು ಗೆರೆ ಒಂದು ಕಡೆಯ ಎದೆಗೂ ಕಂಕುಳಿಗೂ ಸಾಲುತ್ತದೆ. ತೆಳ್ಳಗೆ ಸವರಿ, ಉಜ್ಜಬೇಡಿ. ಮಷೀನಿಗೆ ಹೋಗುವಾಗ ದಪ್ಪ ಪದರು ಇರಬಾರದು. ಅದೂ ಸಂದಿಯ ಚರ್ಮದ ಹಾಗೇ ಹೊದಿಕೆಯಾಗುತ್ತದೆ.

ತುರಿಕೆ ಹೆಚ್ಚಾದರೆ ಮೊಮೆಟಾಸೋನ್ 0.1% ಕ್ರೀಮಿನ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ದಿನಕ್ಕೊಮ್ಮೆ ತೆಳ್ಳಗೆ ಹಚ್ಚಿದರೆ ತುರಿಕೆ, ಉರಿ ಕಡಿಮೆಯಾಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಅದು ಸ್ಟೀರಾಯ್ಡ್, ಡಾಕ್ಟರು ಬರೆದುಕೊಟ್ಟರೆ ಮಾತ್ರ, ಒಡೆದ ಚರ್ಮಕ್ಕೆ ಬೇಡ. ಮೆಡಿಕಲ್ ಅಂಗಡಿಯಲ್ಲಿ 'ತುರಿಕೆಗೆ ಕೊಡಿ' ಅಂದರೆ ಸ್ಟೀರಾಯ್ಡ್, ಆಂಟಿಬಯೋಟಿಕ್, ಫಂಗಸ್ ಮದ್ದು ಮೂರೂ ಕಲಸಿದ ಟ್ಯೂಬು ಕೈಗಿಡುತ್ತಾರೆ. ಅದನ್ನು ಮಾತ್ರ ತರಬೇಡಿ.

ಅತ್ತೆಯವರ ಅರಿಶಿನ-ಬೆಣ್ಣೆ: ಅರಿಶಿನದ ಪುಡಿ ಎಷ್ಟು ನುಣುಪಾದರೂ ಕಣಕಣವೇ, ತೆಗೆಯಲು ತಿಕ್ಕಬೇಕು, ಮೇಲಾಗಿ ಹಳದಿ ಬಣ್ಣ ಗೆರೆಗಳನ್ನೂ ಚರ್ಮದ ಬಣ್ಣವನ್ನೂ ಮುಚ್ಚುತ್ತದೆ. ಬೆಣ್ಣೆ ಸಂದಿಯಲ್ಲಿ ಬೆವರನ್ನು ಕಟ್ಟಿಹಾಕುತ್ತದೆ. ಲೋಳಸರದಿಂದ ಈ ಚರ್ಮಕ್ಕೆ ಲಾಭವಾದದ್ದು ಪರೀಕ್ಷೆಗಳಲ್ಲಿ ಕಂಡಿಲ್ಲ, ಮನೆಯಲ್ಲಿ ಕೊಯ್ದ ಎಲೆಯ ಹಳದಿ ಹಾಲು ಕೆರಳಿಸುವುದೂ ಉಂಟು. ಬೆಣ್ಣೆ ರೊಟ್ಟಿಯ ಮೇಲಿರಲಿ. ಹೆಸರುಕಾಳು, ಮೊಟ್ಟೆ, ಮೊಸರು ಕೊಡಿ. ಪಥ್ಯದ ಹೆಸರಿನಲ್ಲಿ ಬರೀ ಗಂಜಿ ಕುಡಿಸಿದರೆ ಚರ್ಮ ಯಾವುದರಿಂದ ಕಟ್ಟಿಕೊಳ್ಳಬೇಕು? ಸಕ್ಕರೆ ಹತೋಟಿಯಲ್ಲಿರಬೇಕು, ಅಷ್ಟೇ.

ಬಟ್ಟೆಯ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ. ಅವ್ವ ಗುಳೇದಗುಡ್ಡ ಖಣದ ಕುಬಸ ತೊಡುವವರಾದರೆ ಒಮ್ಮೆ ನೋಡಿ: ಮುಂದೆ ಗಂಟು ಕಟ್ಟುವುದು ಸರಿಯಾಗಿ ಆ ಸಂದಿಯ ಮೇಲೆಯೇ, ತೋಳಿನ ಹೊಲಿಗೆ ಕಂಕುಳನ್ನು ಕಚ್ಚಿಕೊಂಡಿರುತ್ತದೆ. ಕೆಡುವ ಎರಡೂ ಜಾಗಕ್ಕೆ ಒಂದೇ ಉಡುಪು. ಎರಡು ತಿಂಗಳು ಅದನ್ನು ಎತ್ತಿಡಿ. ಬದಲಿಗೆ ಮನೆಯಲ್ಲಿರುವ ಹಳೆಯ ಹತ್ತಿ ಅಂಗಿ, ಮುಂದೆ ಗುಂಡಿ ಇರುವುದು, ಒಂದು ಅಳತೆ ದೊಡ್ಡದು. ಅದನ್ನು ಒಳಹೊರಗು ಮಾಡಿ ತೊಡಿಸಿ, ಹೊಲಿಗೆಗಳು ಹೊರಗೆ ಬರುತ್ತವೆ. ಮೇಲೆ ಸೀರೆ ಉಟ್ಟರೆ ಯಾರಿಗೂ ಕಾಣುವುದಿಲ್ಲ. ಇಳಕಲ್ ಸೀರೆಯ ರೇಷ್ಮೆ ಸೆರಗು, ಒರಟು ಅಂಚು ಎದೆಗೆ ತಾಗದಿರಲಿ. ರೂಮಿನಲ್ಲಿ ಬ್ರಾ ಬೇಡ. ಭಾರಕ್ಕೆ ಆಧಾರ ಬೇಕೆನಿಸಿದರೆ ತಂತಿ ಇಲ್ಲದ ಹತ್ತಿಯದು, ಸಡಿಲಾಗಿ. ತಾಳಿಯ ಸರ ಕುತ್ತಿಗೆಯ ಬುಡದಲ್ಲಿ ತಿಕ್ಕುತ್ತಿದ್ದರೆ, ಬಿಚ್ಚಲು ಅವ್ವ ಒಪ್ಪದಿದ್ದರೆ, ಜಗಳ ಬೇಡ. ಇಷ್ಟು ದಿನ ಬಲಗೈಗೆ ಸುತ್ತಿಕೊಳ್ಳಲಿ.

ಮುಂದೆ ಏನಾಗಬಹುದು? ಮೊದಲು ಎಳ್ಳಿನ ಹೊಟ್ಟಿನಂತೆ ಸಿಪ್ಪೆ ಉದುರುತ್ತದೆ. ಕೀಳಬೇಡಿ. ಆಮೇಲೆ ಸಂದಿಯಲ್ಲಿ ಸಿಪ್ಪೆ ಜಾರಿ ಗುಲಾಬಿ ಬಣ್ಣದ ಹಸಿ ಚರ್ಮ ಕಾಣಬಹುದು, ತಿಳಿ ನೀರು ಬಟ್ಟೆಗೆ ಅಂಟಬಹುದು. ಆ ದಿನವೇ ನರ್ಸಿಗೆ ತೋರಿಸಿ. ಅಲ್ಲಿಂದಾಚೆಗೆ ಕ್ರಮ ಬೇರೆ: ಹಸಿ ಜಾಗಕ್ಕೆ ಮಾಯಿಶ್ಚರೈಸರ್ ನಿಲ್ಲಿಸಿ. ನಾರ್ಮಲ್ ಸಲೈನ್ (ಶುದ್ಧ ಉಪ್ಪುನೀರು) ಬಾಟಲಿ ತಂದು ಗಾಜ್ ಬಟ್ಟೆ ನೆನೆಸಿ, ಹಿಂಡಿ, 10–15 ನಿಮಿಷ ಮೇಲಿಡಿ, ದಿನಕ್ಕೆ ಮೂರು ಸಲ. ತೆರೆದ ಬಾಟಲಿ ಮರುದಿನಕ್ಕೆ ಇಡಬೇಡಿ, ಸಣ್ಣ ಬಾಟಲಿಯೇ ತನ್ನಿ. ಆರಿದ ಮೇಲೆ ಪ್ಯಾರಾಫಿನ್ ಗಾಜ್ (ಗಾಯಕ್ಕೆ ಅಂಟದಂತೆ ಜಿಡ್ಡು ಸವರಿದ ಜಾಳಿಗೆ ಬಟ್ಟೆ), ಅದರ ಮೇಲೆ ಸಾದಾ ಗಾಜ್, ಅಂಗಿಯೇ ಹಿಡಿದುಕೊಳ್ಳಲಿ. ಹತ್ತಿ ನೇರ ಇಟ್ಟರೆ ಎಳೆಗಳು ಅಂಟುತ್ತವೆ. ಬ್ಯಾಂಡೇಜ್ ಪಟ್ಟಿ ಅಂಟಿಸಿದರೆ ಬಿಚ್ಚುವಾಗ ಚರ್ಮವೇ ಅದರ ಜೊತೆ ಬರುತ್ತದೆ. ಬಟ್ಟೆ ಅಂಟಿಕೊಂಡಿದ್ದರೆ ಸಲೈನ್ ಹನಿಸಿ ಐದು ನಿಮಿಷ ಕಾಯಿರಿ. ಬೆಳ್ಳಿ ಇರುವ ಬಿಳಿ ಮುಲಾಮು ಡಾಕ್ಟರು ಹೇಳಿದರೆ ಹಚ್ಚಿ, ಮಷೀನಿಗೆ ಹೋಗುವ ಮೊದಲು ಅದನ್ನು ತೊಳೆಯಬೇಕಾ ಅಂತ ಕೇಳಿಕೊಳ್ಳಿ.

ಅವ್ವನಿಗೆ ಸಕ್ಕರೆ ಇರುವುದರಿಂದ ಫಂಗಸ್ ಮೇಲೆ ಕಣ್ಣಿರಲಿ. ಸಂದಿಯ ಅಂಚಿನಾಚೆ ಬಿಡಿಬಿಡಿ ಸಣ್ಣ ಗುಳ್ಳೆ, ವಿಪರೀತ ತುರಿಕೆ, ಬಿಳಿ ಪದರು ಇದ್ದರೆ ಅದು ಬರೀ ಕಿರಣದ್ದಲ್ಲ, ಮದ್ದೇ ಬೇರೆ. ಕೀವು, ದುರ್ವಾಸನೆ, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಒಂದೆರಡು ದಿನದಲ್ಲಿ ಊದಿ ಬಿಗಿದ ಎದೆ ಅಥವಾ ಕೈ, ಇವು ಕಂಡರೆ ಸೋಮವಾರದ ತನಕ ಕಾಯದೆ ಆಗಲೇ ಆಸ್ಪತ್ರೆಗೆ ತೋರಿಸಿ.

ಉರಿ ಜಾಸ್ತಿಯಾಯಿತೆಂದು, ಊರಲ್ಲಿ ಜಾತ್ರೆ ಎಂದು, ನೀವಾಗಿಯೇ ಒಂದು ದಿನವೂ ತಪ್ಪಿಸಬೇಡಿ. ನಡುವೆ ಬಿಡುವು ಬಿದ್ದಷ್ಟೂ ಚಿಕಿತ್ಸೆಯ ಬಲ ಕುಂದುತ್ತದೆ. ನಿಲ್ಲಿಸಬೇಕಾದರೆ ಡಾಕ್ಟರು ಹೇಳುತ್ತಾರೆ.

ಊರಿಗೆ ಹೊರಡುವ ಮುಂಚೆ ಬೆಳಗಾವಿಯಲ್ಲೇ ಚೀಲ ಕಟ್ಟಿಕೊಳ್ಳಿ: ಸಲೈನಿನ ಸಣ್ಣ ಬಾಟಲಿಗಳು, ಹತ್ತು ಪ್ಯಾರಾಫಿನ್ ಗಾಜ್, ಕ್ರೀಮು, ಥರ್ಮಾಮೀಟರು, ಕರೆಂಟ್ ಕೊಡುವ ವಿಭಾಗದ ಫೋನ್ ನಂಬರು, ಮುಂದಿನ ತಪಾಸಣೆಯ ತಾರೀಖು. ಬಸ್ಸಿನಲ್ಲಿ ಬಿಸಿಲು ಬೀಳದ ಬದಿಗೆ ಕೂರಿಸಿ. ಇಲ್ಲಿ ಮಾಡಿದ್ದನ್ನೇ ಊರಲ್ಲೂ ಕನಿಷ್ಠ ನಾಲ್ಕು ವಾರ ಮುಂದುವರಿಸಿ. ಆ ನಾಲ್ಕು ವಾರ ಒಲೆಯ ಮುಂದೆ ರೊಟ್ಟಿ ಬಡಿಯುವುದು ಬೇರೆಯವರಿಗಿರಲಿ. ಹೆಂಚಿನ ಝಳವೂ ಕಂಕುಳ ತಿಕ್ಕಾಟವೂ ಒಟ್ಟಿಗೆ ಬೀಳುತ್ತವೆ. ಗಡ್ಡೆಯ ಜೊತೆ ಕಂಕುಳ ಗಂಟುಗಳನ್ನೂ (ದುಗ್ಧಗ್ರಂಥಿ) ತೆಗೆದಿದ್ದರೆ ಎಡಗೈಗೆ ಕಬ್ಬಿನ ರವದಿ ಕೊಯ್ಯದಂತೆ ತುಂಬುತೋಳು ಹಾಕಿಸದೆ ಹೊಲಕ್ಕೆ ಬಿಡಬೇಡಿ. ಕಪ್ಪು ಬಣ್ಣ ತಿಳಿಯಾಗಲು ತಿಂಗಳುಗಳೇ ಬೇಕು, ಒಂದು ವರ್ಷ ಆ ಜಾಗಕ್ಕೆ ನೇರ ಬಿಸಿಲು ಬೇಡ. ಊರು ಸೇರಿದ ಹತ್ತನೇ ದಿನ ಚರ್ಮ ಈಗಿನದಕ್ಕಿಂತ ಕೆಟ್ಟದಾಗಿ ಕಂಡರೆ ಗಾಬರಿಯಾಗಬೇಡಿ. ಆ ದಿನದ ಫೋಟೋವನ್ನು ಹಿಂದಿನ ವಾರದ್ದರ ಪಕ್ಕ ಇಟ್ಟು ನೋಡಿ, ಫೋನ್ ಮಾಡಿ ಕೇಳಿ.