ಪುಟ್ಟ ಮನೆಯನ್ನೇ ಹಿಗ್ಗಿಸುವುದಾ, ಮಾರಿ ದೊಡ್ಡದು ಕೊಳ್ಳುವುದಾ?

ನಿಮ್ಮ ಪ್ರಶ್ನೆ ಓದಿದಾಗ ನಾಲ್ಕು ವರ್ಷದ ಹಿಂದಿನ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ನಿಮ್ಮದು ತುಮಕೂರಿನಲ್ಲಿ 30×40 ಸೈಟು, 1998ರಲ್ಲಿ ಕಟ್ಟಿದ ಒಂದು ಬೆಡ್‌ರೂಮಿನ ಮನೆ, ಇಬ್ಬರು ಮಕ್ಕಳು, ಈಗ ಅತ್ತೆ-ಮಾವನೂ ಬಂದು ಇರಲಿದ್ದಾರೆ. ಮೇಲೆ ಮಹಡಿ ಎತ್ತುವುದಾ, ಇಲ್ಲ ಇದನ್ನು 60 ಲಕ್ಷಕ್ಕೆ ಮಾರಿ ಊರಾಚೆ 90 ಲಕ್ಷದ ಮೂರು ಬೆಡ್‌ರೂಮಿನ ಮನೆ ಕೊಳ್ಳುವುದಾ ಅಂತ ಕೇಳಿದ್ದೀರಿ.

ನನಗೆ ಅನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದೆಯೋ ಪಕ್ಕದಲ್ಲೋ ಜಾಗ ಇದ್ದರೆ ನೆಲದ ಮೇಲೇ ಒಂದು ರೂಮು, ಅದಕ್ಕೆ ಅಂಟಿಕೊಂಡಂತೆ ಒಂದು ಬಾತ್‌ರೂಮು ಕಟ್ಟಿಸಿ. ಮಹಡಿ ಆಮೇಲೆ ನೋಡಿದರಾಯಿತು. ಮಾರುವ ಮಾತು ಕೊನೆಗಿರಲಿ.

ನಮ್ಮದು ಮೈಸೂರಿನ ಹೂಟಗಳ್ಳಿ ಕಡೆ. 2004ರಲ್ಲಿ ಕೊಂಡ ಹಳೆಯ ಮನೆ, ಐದೂವರೆ ಚದರ, ಅಂದರೆ 550 ಚದರ ಅಡಿ. 2022ರಲ್ಲಿ ಅಮ್ಮ ಊರು ಬಿಟ್ಟು ನಮ್ಮ ಜೊತೆಗೆ ಬಂದರು. ಮಂಡಿನೋವು. ಹಾಲ್‌ನಲ್ಲಿ ದಿವಾನದ ಮೇಲೆ ಮಲಗುತ್ತಿದ್ದರು. ಮಗಳು ಪಿಯುಸಿ, ರಾತ್ರಿ ಹನ್ನೊಂದರವರೆಗೆ ಅಲ್ಲೇ ಕೂತು ಓದುವವಳು. ಅಮ್ಮನಿಗೆ ಎಂಟೂವರೆಗೆಲ್ಲ ನಿದ್ದೆ ಬರಬೇಕು. ಲೈಟ್ ಆರಿಸಿದರೆ ಅವಳಿಗೆ ಕಷ್ಟ, ಹಾಕಿದರೆ ಇವರಿಗೆ ಕಷ್ಟ. ಇಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅದು ಇನ್ನೂ ಕಷ್ಟ.

ನಮಗೂ ಮೊದಲು ಹೊಳೆದದ್ದು ಮಹಡಿಯೇ. ಒಂದು ಸಂಜೆ ಸುಮ್ನೆ ಲೆಕ್ಕ ಹಾಕಿದೆ. ಹತ್ತಡಿ ಎತ್ತರ, ಏಳು ಇಂಚಿನ ಮೆಟ್ಟಿಲು ಅಂದರೆ 18 ಮೆಟ್ಟಿಲು. ಅಮ್ಮನಿಂದ ಹತ್ತಲು ಆಗಲ್ಲ. ಹಾಗಾದರೆ ಮೇಲೆ ಮಲಗುವವರು ನಾವು, ಕೆಳಗೆ ಅಮ್ಮ ಒಬ್ಬರೇ. ನಡುರಾತ್ರಿ ಬಾತ್‌ರೂಮಿಗೆ ಎದ್ದು ಕಾಲು ಜಾರಿದರೆ, ಕೂಗಿದರೂ ನಮಗೆ ಕೇಳಿಸುವುದಿಲ್ಲ. ಯಾರಿಗಾಗಿ ಕಟ್ಟಲು ಹೊರಟಿದ್ದೆವೋ ಅವರಿಗೇ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ನಿಮ್ಮ ಅತ್ತೆ-ಮಾವನ ವಿಷಯದಲ್ಲೂ ಮೊದಲು ಇದನ್ನೇ ಯೋಚಿಸಿ. ಇವತ್ತು ಹತ್ತುತ್ತಾರೆ, ಸರಿ. ಇನ್ನು ಐದು ವರ್ಷಕ್ಕೆ?

ಆದರೂ ಮನಸ್ಸಿಗೆ ಸಮಾಧಾನ ಆಗಲಿ ಅಂತ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಬಂದವರು ತಾರಸಿಗೆ ಹೋಗುವ ಮೊದಲು ಹಿತ್ತಲಿಗೆ ಹೋದರು. ಗೋಡೆಯ ಮೂಲೆಗೆ ಅಂಟಿದಂತೆ ಎರಡಡಿ ಅಗಲದ ಗುಂಡಿ ತೋಡಿಸಿದರು. ಮೊದಲು ಕೆಮ್ಮಣ್ಣು, ಆಮೇಲೆ ಸೈಜು ಕಲ್ಲು. ಎರಡೂಕಾಲು ಅಡಿಗೆಲ್ಲ ಪಾಯ ಮುಗಿದೇಹೋಯಿತು. ಕಲ್ಲುಗಳ ಸಂದಿಗೆ ಹಾರೆಯ ತುದಿ ಇಟ್ಟು ಮೀಟಿದರು. ಗಾರೆ ಹಿಟ್ಟಿನ ಹಾಗೆ ಉದುರಿತು. "ಪಿಲ್ಲರ್ ಇಲ್ಲ ಸರ್, ಭಾರವೆಲ್ಲ ಗೋಡೆ ಮೇಲೇ ಇದೆ. ಇದರ ಮೇಲೆ ಮಹಡಿಗೆ ನಾನು ಸಹಿ ಹಾಕಲ್ಲ" ಅಂದರು. ಅದಕ್ಕೂ ಒಂದು ವಾರ ಮೊದಲು ಬಂದಿದ್ದ ಮೇಸ್ತ್ರಿ ಗೋಡೆಗೆ ಎರಡು ಸಲ ತಟ್ಟಿ, "ಧಾರಾಳವಾಗಿ ಎತ್ತಬಹುದು" ಅಂದಿದ್ದ. ಆ ಗುಂಡಿ ತೋಡಿಸದೇ ಇದ್ದಿದ್ದರೆ ನಾವು ಎತ್ತಿಯೇಬಿಡುತ್ತಿದ್ದೆವು.

ನಿಮ್ಮ ತಾರಸಿಯ ಮೂಲೆಗಳಲ್ಲಿ ಪಿಲ್ಲರ್ ಕಂಬಿ ನಿಂತಿದೆಯಾ ನೋಡಿ. ಇದ್ದರೆ ಕಟ್ಟಿದವರು ಮಹಡಿಯ ಆಲೋಚನೆ ಇಟ್ಟುಕೊಂಡಿದ್ದರು ಅಂತ ಅರ್ಥ. ಆದರೆ ಕಂಬಿ ಕಂಡ ಮಾತ್ರಕ್ಕೆ ಧೈರ್ಯ ಮಾಡಬೇಡಿ. ಇಷ್ಟು ವರ್ಷ ಮಳೆಗೆ ನೆಂದ ಕಂಬಿ ತುಕ್ಕು ಹಿಡಿದು ಸಣ್ಣಗಾಗಿರುತ್ತದೆ. ತುಕ್ಕು ಉಜ್ಜಿ ತೆಗೆದು ಎಷ್ಟು ದಪ್ಪ ಉಳಿದಿದೆ ಅಂತ ಅಳೆಯಬೇಕು. ಕೆಳಗೆ ಫೂಟಿಂಗ್, ಅಂದರೆ ಪಿಲ್ಲರಿನ ಬುಡದ ಕಾಂಕ್ರೀಟ್ ಹಾಸು, ಎಷ್ಟು ಅಗಲ ಇದೆ ಅಂತ ಅಗೆದೇ ನೋಡಬೇಕು. ಎಂಜಿನಿಯರ್ ಫೀಸು ಜಾಸ್ತಿ ಅನಿಸಿದರೂ ಕೊಡಿ. ಇಡೀ ಕೆಲಸದಲ್ಲಿ ನಾನು ಒಂಚೂರೂ ಬೇಸರವಿಲ್ಲದೆ ಕೊಟ್ಟ ದುಡ್ಡು ಅದೊಂದೇ.

ಕೊನೆಗೆ ಹಿತ್ತಲಲ್ಲೇ ಕಟ್ಟಿದೆವು. ರೂಮು, ಬಾತ್‌ರೂಮು ಸೇರಿ 180 ಚದರ ಅಡಿ, ಅಂದರೆ ಎರಡು ಚದರಕ್ಕೂ ಚೂರು ಕಡಿಮೆ. ಇದಕ್ಕೆ ಬೇರೆ ಪಾಯ, ಬೇರೆ ಪಿಲ್ಲರ್. ಮುಂದೆ ಬೇಕಾದರೆ ಇದರ ಮೇಲೆ ಒಂದು ರೂಮು ಎತ್ತಬಹುದು. 2022ರಲ್ಲಿ ಎಲ್ಲ ಸೇರಿ 4.60 ಲಕ್ಷ ಆಯಿತು.

ಎಂಜಿನಿಯರ್ ಹೇಳಿಕೊಟ್ಟ ಒಂದು ಉಪಾಯ ನಿಮಗೂ ಬೇಕಾಗುತ್ತದೆ. ಹಳೆಯ ಮನೆಯಿಂದ ಹೊಸ ರೂಮಿಗೆ ಬಾಗಿಲು ಬೇಕಲ್ವಾ? ಅದಕ್ಕೆ ಖಾಲಿ ಗೋಡೆ ಒಡೆಯಬೇಡಿ. ಇರುವ ಕಿಟಕಿಯನ್ನು ತೆಗೆದು, ಅದರ ಕೆಳಗಿನ ಗೋಡೆಯನ್ನಷ್ಟೇ ಕತ್ತರಿಸಿ. ಮೇಲಿನ ಗೋಡೆಯ ಭಾರ ಹೊರುವ ಅಡ್ಡತೊಲೆ, ಅಂದರೆ ಲಿಂಟಲ್, ಅಲ್ಲಿ ಆಗಲೇ ಇರುತ್ತದೆ, ಹಾಗಾಗಿ ಗೋಡೆಗೆ ಪೆಟ್ಟು ಬೀಳುವುದಿಲ್ಲ. ಅದನ್ನೂ ಕಟ್ಟಡದ ಕೆಲಸವೆಲ್ಲ ಮುಗಿದ ಮೇಲೆ, ಕೊನೆಗೆ ಮಾಡಿಸಿ. ನಾವು ಹಾಗೇ ಮಾಡಿದ್ದಕ್ಕೆ ಒಂದು ದಿನವೂ ಬಾಡಿಗೆ ಮನೆಗೆ ಹೋಗಲಿಲ್ಲ. ಧೂಳೆಲ್ಲ ಹಿತ್ತಲಲ್ಲೇ ಉಳಿಯಿತು.

ಎರಡು ತಪ್ಪೂ ಆದವು. ಹೊಸ ರೂಮು ಅಡುಗೆಮನೆಯ ಕಿಟಕಿಗೆ ಅಡ್ಡ ಬರುತ್ತದೆ ಅಂತ ಗೋಡೆ ಎದೆಮಟ್ಟಕ್ಕೆ ಬರುವವರೆಗೂ ಯಾರಿಗೂ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ನನ್ನ ಹೆಂಡತಿ ಹತ್ತು ಗಂಟೆಗೆ ಲೈಟ್ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅವತ್ತೇ ಆ ಗೋಡೆ ಒಡೆಸಿ, ಅಡುಗೆಮನೆಗೂ ರೂಮಿಗೂ ನಡುವೆ ನಾಲ್ಕಡಿ-ಐದಡಿ ಜಾಗವನ್ನು ತೊಟ್ಟಿಮನೆಯ ಅಂಗಳದ ಹಾಗೆ ತೆರೆದು ಬಿಟ್ಟೆವು, ಮೇಲೆ ಗ್ರಿಲ್ ಹಾಕಿಸಿದೆವು. ಅದರ ಲೆಕ್ಕವೂ ಆ 4.60 ಲಕ್ಷದಲ್ಲೇ ಸೇರಿದೆ. ಈಗ ಅಲ್ಲೊಂದು ತುಳಸಿ, ಒಂದು ದೊಡ್ಡಪತ್ರೆ ಇದೆ. ಅಮ್ಮ ಬೆಳಗಿನ ಕಾಫಿ ಕುಡಿಯುವುದು ಅಲ್ಲೇ.

ಇನ್ನೊಂದು ತಪ್ಪು, ಹಳೆಯ ಗೋಡೆ ಹೊಸ ಗೋಡೆ ಸೇರುವ ಕಡೆ. ಅಲ್ಲಿ ಸಂದಿ ಬಿಡಿ, ಎರಡನ್ನೂ ಬೆಸೆಯಬೇಡಿ ಅಂತ ಎಂಜಿನಿಯರ್ ಹೇಳಿದ್ದರು. ಹಳೆಯ ಪಾಯ ಕೂರುವಷ್ಟು ಕೂತಾಗಿರುತ್ತದೆ, ಹೊಸದು ಇನ್ನೂ ಕೂರಬೇಕು. ನಾನಿಲ್ಲದ ಹೊತ್ತಿನಲ್ಲಿ ಕೆಲಸದವರು ಆ ಸಂದಿಯ ಮೇಲೆ ಪ್ಲಾಸ್ಟರ್ ಬಳಿದುಬಿಟ್ಟಿದ್ದರು. ಮೊದಲ ಮಳೆಗಾಲಕ್ಕೇ ಉದ್ದಕ್ಕೆ ಬಿರುಕು ಬಿಟ್ಟು ನೀರು ಒಳಗೆ ಬಂತು. ಮತ್ತೆ ಬಿಚ್ಚಿಸಿ, ಸಂದಿಗೆ ಸೀಲೆಂಟ್ ತುಂಬಿಸಿ, ತಾರಸಿಯಲ್ಲಿ ಸಂದಿಯ ಮೇಲೆ ತಗಡು ಹೊದಿಸಬೇಕಾಯಿತು.

ಈಗ ಮಾರಿ ಕೊಳ್ಳುವ ಲೆಕ್ಕ. 90 ಲಕ್ಷದ ಮನೆ ನಿಮ್ಮ ಹೆಸರಿಗಾಗಲು ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಸುಮಾರು ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಸುಮಾರು 6.84 ಲಕ್ಷ. ಬ್ರೋಕರ್ ಕಮಿಷನ್, ಸಾಲದ ಪ್ರೊಸೆಸಿಂಗ್ ಫೀಸು, ಹೊಸ ಮನೆಗೆ ಬಣ್ಣ, ಕಪಾಟು ಇವೆಲ್ಲ ಬೇರೆ. ಕಟ್ಟುವ ಖರ್ಚು ನಮಗೆ ಆಗಲೇ ಚದರಕ್ಕೆ ಎರಡೂವರೆ ಲಕ್ಷ ದಾಟಿತ್ತು, ಈಗ ಅದಕ್ಕಿಂತ ಸ್ವಲ್ಪ ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ಆದರೂ ಬರೀ ರಿಜಿಸ್ಟ್ರೇಷನ್ ದುಡ್ಡಿನಲ್ಲಿ ನಿಮಗೆ ಬೇಕಾದ ರೂಮು, ಬಾತ್‌ರೂಮು ಎರಡೂ ಎದ್ದು ನಿಲ್ಲುತ್ತವೆ. ಜೊತೆಗೆ 30 ಲಕ್ಷದ ಹೊಸ ಸಾಲ. ಮಕ್ಕಳ ಸ್ಕೂಲು, ಮಾವನ ಡಾಕ್ಟರು, ದಿನಾ ಹಾಲು ತರುವ ಅಂಗಡಿ, ಎಲ್ಲವೂ ದೂರ.

ಹಾಗಂತ ಮಾರಲೇಬಾರದು ಅಂತಲ್ಲ. ಸೈಟು ತುಂಬ ಮನೆಯೇ ಇದ್ದು, ಪಾಯವೂ ಮಹಡಿ ತಡೆಯಲ್ಲ ಅಂತಾದರೆ ಮಾರುವುದೇ ಸರಿ. ಆಗ ತೆರಿಗೆ ಮರೆಯಬೇಡಿ. ಮನೆ ಎರಡು ವರ್ಷಕ್ಕಿಂತ ಹೆಚ್ಚು ನಿಮ್ಮ ಹೆಸರಲ್ಲಿದ್ದರೆ, ಮಾರಿ ಬಂದ ಲಾಭವನ್ನು ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳಲು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಲು ಹಾಕಿದರೆ ಆ ಮಟ್ಟಿಗೆ ವಿನಾಯಿತಿ ಸಿಗುತ್ತದೆ. ಕೊಳ್ಳುವ ಮನೆಯ ಇ-ಖಾತಾ, ಇಸಿ (ಋಣಭಾರ ಪತ್ರ), ಪ್ಲಾನ್ ಮೂರನ್ನೂ ವಕೀಲರಿಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ.

ಹಿಂದೆ ಕಟ್ಟುವುದಾದರೂ ಪಾಲಿಕೆಯಿಂದ ಪ್ಲಾನ್ ಮಂಜೂರು ಮಾಡಿಸಿಯೇ ಕಟ್ಟಿ. ಕಾಂಪೌಂಡಿಗೂ ಮನೆಗೂ ನಡುವೆ ಬಿಡಬೇಕಾದ ಜಾಗ ಬಿಡಿ. ಪಕ್ಕದ ಮನೆಯವರಿಗೂ ಗಾಳಿ-ಬೆಳಕು ಬೇಕಲ್ವಾ. ಪ್ಲಾನ್ ಇಲ್ಲದ ರೂಮಿಗೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಮುಂದೆ ಮಾರುವಾಗಲೂ ಅದೇ ತಲೆನೋವು.

ಈ ಭಾನುವಾರ ಟೇಪ್ ಹಿಡಿದು ಹಿತ್ತಲು ಎಷ್ಟಿದೆ ಅಂತ ಅಳೆಯಿರಿ. ಆಮೇಲೆ ಒಂದು ಗುಂಡಿ ತೋಡಿಸಿ. ಪಾಯ ಎಷ್ಟು ಆಳ ಸಿಕ್ಕಿತು, ಪಿಲ್ಲರ್ ಇದೆಯಾ, ಅಡುಗೆಮನೆಯ ಕಿಟಕಿ ಯಾವ ಕಡೆಗಿದೆ, ಇಷ್ಟನ್ನು ಬರೆಯಿರಿ. ರೂಮು ಎಲ್ಲಿ ಕೂರುತ್ತದೆ ಅಂತ ಸೇರಿ ಯೋಚಿಸೋಣ.