ಬರಿಗೈಲಿ ವಾಪಸ್ ಬಂದ ದಿನಗಳು

ಓದುಗರ ಪತ್ರ

"ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಹಿರಿಯ ಛಾಯಾಗ್ರಾಹಕರೊಬ್ಬರ ಸಂದರ್ಶನ ಹಾಕಿದ್ದೀರಿ. ‘ಫೋಟೊ ತೆಗೆಯೋದು ನನಗೆ ಕೆಲಸ ಅಲ್ಲ, ಬದುಕೋ ರೀತಿ. ಎಷ್ಟೋ ದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸುತ್ತಾಡಿ, ಒಂದೂ ಫೋಟೊ ತೆಗೆಯದೆ ಮನೆಗೆ ಬರುತ್ತೇನೆ’ ಎಂದು ಅವರು ಹೇಳಿದ್ದಾರೆ. ನಾನು 11 ವರ್ಷದಿಂದ ಫೋಟೊ ತೆಗೆದೇ ಹೊಟ್ಟೆ ಹೊರೆಯುತ್ತಿದ್ದೇನೆ. ಒಂದು ಕಾರ್ಯಕ್ರಮಕ್ಕೆ ಹೋದರೆ ಮೂರು ಸಾವಿರ ಫ್ರೇಮ್ ಆಗುತ್ತದೆ. ಮರುದಿನ ಬೆಳಿಗ್ಗೆ ಫೋಟೊ ಕೈಗೆ ಸಿಗದಿದ್ದರೆ ಮುಂದಿನ ಸಲ ಕರೆಯುವುದಿಲ್ಲ. ಈಗಂತೂ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಬರಿಗೈಲಿ ವಾಪಸ್ ಬರೋದೆಲ್ಲ ಹೊಟ್ಟೆ ತುಂಬಿದವರ ಮಾತು ಅಲ್ವಾ? ನನ್ನ ಖುಷಿಗೆ ಅಂತ ಇತ್ತೀಚೆಗೆ ತೆಗೆದಿದ್ದು ಒಂದೇ ಫೋಟೊ. ಅಪ್ಪ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು, ಕನ್ನಡಕ ಕೈಯಲ್ಲೇ ಇತ್ತು. ಅದನ್ನು ಯಾರೂ ಕೇಳಿಲ್ಲ. ಕಂಪ್ಯೂಟರಿನಲ್ಲಿ ಸುಮ್ನೆ ಬಿದ್ದಿದೆ."

— ಹೆಸರು ಬೇಡವೆಂದು ಕೋರಿದ ಓದುಗರು

ಸಂಪಾದಕರ ಉತ್ತರ

ನಿಮ್ಮ ಪತ್ರ ಬಂದು ಹತ್ತು ದಿನ ಆಯಿತು. ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಸಿಟ್ಟಿನಲ್ಲಿ ಬರೆದಿದ್ದೀರಿ, ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಮನೆ ನಡೆಯಬೇಕು. ಲೆನ್ಸಿನ ಕಂತು ಕಟ್ಟಬೇಕು. ಕರೆದವರು ಹೇಳಿದ ಹೊತ್ತಿಗೆ ಫೋಟೊ ಕೊಡಬೇಕು. ಇದನ್ನು ಕೀಳು ಕೆಲಸ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಆದರೆ ‘ಹೊಟ್ಟೆ ತುಂಬಿದವರ ಮಾತು’ ಅಂದಿರಲ್ಲ, ಅಲ್ಲಿ ನಿಮ್ಮ ಜೊತೆ ಜಗಳ ಆಡಲೇಬೇಕು.

ವಿವಿಯನ್ ಮೇಯರ್ ಅವರ ಹೆಸರು ಕೇಳಿರುತ್ತೀರಿ. ಅಮೆರಿಕದಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲೇ ಸುಮಾರು 40 ವರ್ಷ ಕಳೆದ ಹೆಣ್ಣುಮಗಳು. ಷಿಕಾಗೊದ ಬೀದಿಗಳಲ್ಲಿ ಸುತ್ತುವಾಗ ಕೊರಳಲ್ಲಿ ರೋಲಿಫ್ಲೆಕ್ಸ್ ಕ್ಯಾಮೆರಾ ತೂಗುತ್ತಿತ್ತು. ಅದರಲ್ಲಿ ಒಂದು ರೋಲಿಗೆ 12 ಚಿತ್ರ ಅಷ್ಟೇ. ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಹೀಗೆ ತಲೆ ತಗ್ಗಿಸಿಕೊಂಡೇ ಅವರು ಒಂದು ಲಕ್ಷಕ್ಕೂ ಜಾಸ್ತಿ ಚಿತ್ರ ತೆಗೆದರು. ಯಾವ ಪತ್ರಿಕೆಗೂ ಕಳಿಸಲಿಲ್ಲ, ಪ್ರದರ್ಶನಕ್ಕೆ ಇಡಲಿಲ್ಲ. ಎಷ್ಟೋ ರೋಲುಗಳನ್ನು ತೊಳೆಸಲೂ ಇಲ್ಲ. 2007ರಲ್ಲಿ ಸಾಮಾನು ಇಟ್ಟಿದ್ದ ಜಾಗದ ಬಾಡಿಗೆ ಬಾಕಿಯಾಗಿ ಅವರ ಪೆಟ್ಟಿಗೆಗಳು ಹರಾಜಾದವು. 2009ರಲ್ಲಿ ತೀರಿಕೊಂಡರು. ಲೋಕ ಅವರನ್ನು ಹಾಡಿ ಹೊಗಳಿದ್ದು ಆಮೇಲೆ. ಇದು ಹೊಟ್ಟೆ ತುಂಬಿದವರ ಕಥೆಯೇ, ಹೇಳಿ?

ಆಕೆ ಮಾರಲು ಹೋಗಲಿಲ್ಲ, ಅದು ಬೇರೆ ವಿಷಯ ಅಂತ ನೀವು ಅನ್ನಬಹುದು. ಹಾಗಾದರೆ ಮಾರಿಯೇ ಬದುಕಿದವರನ್ನು ನೋಡೋಣ. ಪ್ಯಾರಿಸ್ಸಿನ ಯುಜೀನ್ ಅಟ್ಜೆ ಅಪ್ಪಟ ವ್ಯಾಪಾರಕ್ಕಾಗಿ ಕ್ಯಾಮೆರಾ ಹಿಡಿದವರು. ಮನೆಯ ಹೊರಗೆ ‘ಕಲಾವಿದರಿಗೆ ಬೇಕಾದ ದಾಖಲೆಗಳು’ ಅಂತ ಬೋರ್ಡ್ ಹಾಕಿಕೊಂಡಿದ್ದರು. ಚಿತ್ರ ಬರೆಯುವವರಿಗೆ ಬಾಗಿಲು, ಮರ, ಮೆಟ್ಟಿಲುಗಳ ಫೋಟೊ ಮಾರುತ್ತಿದ್ದರು. ಭಾರದ ಮರದ ಕ್ಯಾಮೆರಾ, ಫಿಲಂ ಬದಲಿಗೆ ಬಳಸುತ್ತಿದ್ದ ಗಾಜಿನ ಪ್ಲೇಟುಗಳು, ಟ್ರೈಪಾಡ್ ಎಲ್ಲವನ್ನೂ ತಾವೇ ಹೊತ್ತುಕೊಂಡು 30 ವರ್ಷ ಅದೇ ಊರಿನ ಹಳೆಯ ಬೀದಿಗಳಲ್ಲಿ ತಿರುಗಿದರು. ಅವರು 1927ರಲ್ಲಿ ಸತ್ತಾಗ ಆ ಗಾಜುಗಳು ಕಸಕ್ಕೆ ಹೋಗದಂತೆ ನೋಡಿಕೊಂಡದ್ದು ಬೆರೆನಿಸ್ ಆಬಟ್ ಎಂಬ ತರುಣ ಛಾಯಾಗ್ರಾಹಕಿ. ಇವತ್ತು ಹಳೆಯ ಪ್ಯಾರಿಸ್ ಹೇಗಿತ್ತು ಅಂತ ನೋಡಬೇಕಾದರೆ ಎಲ್ಲರೂ ಅಟ್ಜೆ ಬಳಿಗೇ ಹೋಗುತ್ತಾರೆ. ಅವರು ಹೊಟ್ಟೆಪಾಡಿಗೇ ಫೋಟೊ ತೆಗೆದರು. ಆದರೆ ಬಾಗಿಲಿನ ಮುಂದೆ ನಿಂತಾಗ ಬಾಗಿಲನ್ನು ನೋಡಿದರು.

ನೋಡುವುದು ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ? ಇದು ನನ್ನ ಹಳೆಯ ಹಠ. ನನ್ನ ಮಟ್ಟಿಗೆ ಕ್ಯಾಮೆರಾ ಇರುವುದು ಒಂದು ವಸ್ತುವಿನ ಮುಂದೆ, ಒಬ್ಬ ಮನುಷ್ಯನ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಲು. ಫೋಟೊ ಅಲ್ಲಿಂದ ನಾವು ತರುವ ಗುರುತು. ಕೆಲವು ದಿನ ಗುರುತು ಸಿಗುತ್ತದೆ, ಕೆಲವು ದಿನ ಇಲ್ಲ. ನಿಂತದ್ದಂತೂ ಎಲ್ಲಿಗೂ ಹೋಗುವುದಿಲ್ಲ.

1838ರಲ್ಲಿ, ಫೋಟೊ ತೆಗೆಯುವ ಮೊದಮೊದಲ ವಿಧಾನಗಳಲ್ಲಿ ಒಂದನ್ನು ಕಂಡುಹಿಡಿದ ಡಾಗೇರ್ ಪ್ಯಾರಿಸ್ಸಿನ ಒಂದು ದೊಡ್ಡ ರಸ್ತೆಯನ್ನು ಎತ್ತರದ ಕಿಟಕಿಯಿಂದ ಚಿತ್ರ ತೆಗೆದರು. ಗಾಡಿ, ಕುದುರೆ, ಜನ ತುಂಬಿರುತ್ತಿದ್ದ ರಸ್ತೆ. ಆಗಿನ ಪ್ಲೇಟಿಗೆ ಹಲವು ನಿಮಿಷ ಬೆಳಕು ಬೇಕಿತ್ತು. ಹಾಗಾಗಿ ಓಡಾಡುತ್ತಿದ್ದವರು ಯಾರೂ ದಾಖಲಾಗಲೇ ಇಲ್ಲ. ರಸ್ತೆ ಖಾಲಿ ಬಿದ್ದಂತಿದೆ. ಕೆಳಗೆ ಮೂಲೆಯಲ್ಲಿ ಒಬ್ಬ ಮಾತ್ರ ಸ್ಪಷ್ಟವಾಗಿ ಕಾಣುತ್ತಾನೆ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದು ಕಾಲು ಎತ್ತಿಟ್ಟು ನಿಂತಿದ್ದವನು. ಅವನು ಯಾರು ಅಂತ ಯಾರಿಗೂ ಗೊತ್ತಿಲ್ಲ. ಫೋಟೊದಲ್ಲಿ ಸಿಕ್ಕ ಮೊದಲ ಮನುಷ್ಯರ ಸಾಲಿನಲ್ಲಿ ಅವನನ್ನು ಇಡುತ್ತಾರೆ.

ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈಗ ಎಲ್ಲವೂ ತಿರುಗಿಬಿಟ್ಟಿದೆ. ನಿಮ್ಮ ಕ್ಯಾಮೆರಾದ ಶಟರ್ ಸೆಕೆಂಡಿನ 8,000ನೇ ಒಂದು ಭಾಗದಲ್ಲಿ ಮುಚ್ಚುತ್ತದೆ. ಎದುರಿಗಿರುವವರು ಎಷ್ಟು ಓಡಿದರೂ ಅಲುಗದೆ ಸಿಗುತ್ತಾರೆ. ಈಗ ಓಡುತ್ತಿರುವುದು ಫೋಟೊ ತೆಗೆಯುವವರು.

ಮೂರು ಸಾವಿರ ಫ್ರೇಮ್ ಅಂದಿರಿ. ಅದರಲ್ಲಿ ಎಷ್ಟನ್ನು ನೀವು ತೆಗೆದಿರಿ, ಎಷ್ಟನ್ನು ಬೆರಳು ತೆಗೆಯಿತು? ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಹಿರಿಯನಾಗಿ ಕೇಳುತ್ತಿದ್ದೇನೆ. ಜಾಸ್ತಿ ತೆಗೆಯುವುದೇ ತಪ್ಪು ಅಂತ ಅಲ್ಲ. ಅಮೆರಿಕದ ಬೀದಿಗಳ ಫೋಟೊ ತೆಗೆಯುತ್ತಿದ್ದ ಗ್ಯಾರಿ ವಿನೊಗ್ರಾಂಡ್ 1984ರಲ್ಲಿ ಸತ್ತಾಗ ಸುಮಾರು 2,500 ರೋಲುಗಳನ್ನು ತೊಳೆಯದೆ ಬಿಟ್ಟು ಹೋಗಿದ್ದರು. ಅಷ್ಟು ತೆಗೆಯುವ ಮನುಷ್ಯ. ಆದರೆ ಅವರು ಫಿಲಂ ತೆಗೆದ ಕೂಡಲೇ ತೊಳೆಯುತ್ತಿರಲಿಲ್ಲ. ತೆಗೆದ ದಿನದ ಖುಷಿ, ಬೇಸರ ಎಲ್ಲ ಮರೆತುಹೋಗಲಿ, ಆಮೇಲೆ ಚಿತ್ರವನ್ನು ಚಿತ್ರವಾಗಿ ನೋಡೋಣ ಅಂತ ತಿಂಗಳುಗಟ್ಟಲೆ ಕಾಯುತ್ತಿದ್ದರು. ಕೈ ಎಷ್ಟೇ ಚುರುಕಾಗಿದ್ದರೂ ಕಣ್ಣಿಗೆ ಅವಸರ ಇರಲಿಲ್ಲ. ನಿಮಗೆ ಮರುದಿನ ಬೆಳಿಗ್ಗೆಯೇ ಕೊಡಬೇಕು, ಗೊತ್ತು. ಆದರೆ ಕೊಟ್ಟ ಮೇಲೆ, ಒಂದು ತಿಂಗಳು ಬಿಟ್ಟು, ಆ ಮೂರು ಸಾವಿರವನ್ನು ಮತ್ತೆ ತೆರೆದು ನೋಡಿದ್ದೀರಾ?

ನನಗೆ ಈ ನೋಡುವ ಪಾಠ ಹೇಳಿಕೊಟ್ಟವರು ಒಬ್ಬ ಪತ್ರಿಕಾ ಛಾಯಾಗ್ರಾಹಕರು. ನಾನಾಗ ಒಂದು ದಿನಪತ್ರಿಕೆಯಲ್ಲಿ ಹೊಸ ಉಪಸಂಪಾದಕ. ಅವರು ಫಿಲಂ ತೊಳೆಯುವ ಡಾರ್ಕ್ ರೂಮಿನಿಂದ ಹೊರಗೆ ಬಂದರೆ ಅಂಗಿಯೆಲ್ಲ ಹುಳಿ ವಾಸನೆ. ಕಾಂಟ್ಯಾಕ್ಟ್ ಶೀಟ್ ಇನ್ನೂ ಒದ್ದೆ ಇರುತ್ತಿತ್ತು. ಒಂದೇ ಹಾಳೆಯಲ್ಲಿ 36 ಪುಟ್ಟ ಚಿತ್ರಗಳು. ಭೂತಗನ್ನಡಿ ಇಟ್ಟು, ಒಂದು ಕಣ್ಣು ಮುಚ್ಚಿ, ಒಂದೊಂದರ ಮೇಲೂ ಬಾಗುತ್ತಿದ್ದರು. ಕೆಂಪು ಪೆನ್ಸಿಲ್ ಕಿವಿಯ ಮೇಲೆ ಇರುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಅದನ್ನು ತೆಗೆದು ಒಂದರ ಸುತ್ತ ಗೆರೆ ಎಳೆಯುವರು. ಒಮ್ಮೆ ಶಾಲೆಯ ಫೋಟೊ ತಂದಿದ್ದರು. ಮೇಷ್ಟ್ರು ಬೋರ್ಡಿನ ಮುಂದೆ ನಿಂತು ನಗುತ್ತಿರುವ ಚಿತ್ರ ಚೆನ್ನಾಗಿಯೇ ಇತ್ತು, ನಾನು ಅದನ್ನು ತೋರಿಸಿದೆ. ಅವರು ಅದರ ಪಕ್ಕದ್ದಕ್ಕೆ ಗೆರೆ ಹಾಕಿದರು. ಅದರಲ್ಲಿ ಮೇಷ್ಟ್ರು ಬೆನ್ನು ತಿರುಗಿಸಿದ್ದಾರೆ. ಎಡ ಅಂಚಿನಲ್ಲಿ ಒಂದು ಮಗುವಿನ ಕೈ ಮಾತ್ರ ಕಾಣುತ್ತದೆ. ಪೂರ್ತಿ ಎತ್ತಿಲ್ಲ, ಅರ್ಧಕ್ಕೇ ನಿಂತಿದೆ. ಕೇಳಲೋ ಬೇಡವೋ ಅನ್ನುವ ಕೈ.

ಅವತ್ತು ಪುಟದಲ್ಲಿ ಜಾಗ ಸಾಲಲಿಲ್ಲ. ಯಾರೋ ಎಡಗಡೆ ಕತ್ತರಿಸಿದರು. ಕೈ ಹೋಯಿತು. ಮೇಷ್ಟ್ರ ಬೆನ್ನು ಉಳಿಯಿತು. ರಾತ್ರಿ ಅವರು ಪುಟದ ಪ್ರೂಫ್ ನೋಡಲು ಬಂದರು. ಏನೂ ಅನ್ನಲಿಲ್ಲ. ಚಿತ್ರದ ಎಡ ಅಂಚಿನ ಮೇಲೆ ಬೆರಳು ಓಡಿಸಿದರು, ಹೋದರು. ನಾನು ಅಲ್ಲೇ ಕೂತಿದ್ದೆ. ಆ ಕೈಯನ್ನು ಉಳಿಸಿ ಅಂತ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಈ ಪತ್ರಿಕೆ ಶುರು ಮಾಡಿದ ದಿನದಿಂದ ಛಾಯಾಗ್ರಾಹಕರನ್ನು ಕೇಳದೆ ನಾವು ಯಾವ ಫೋಟೊವನ್ನೂ ಕತ್ತರಿಸಿಲ್ಲ.

ಇಲ್ಲಿಗೆ ಬಂದ ಮೇಲೆ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಪತ್ರಿಕೆಗಳಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಅಂತ ಹಾಕುತ್ತಾರಲ್ಲ, ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಅಂತರ್ಜಾಲ ಯಾವತ್ತು ಬಿಸಿಲಲ್ಲಿ ನಿಂತು ಫೋಟೊ ತೆಗೆದಿತ್ತು? ನಾಲ್ಕು ಸಾಲು ಪದ್ಯ ಬರೆದವರ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತದೆ. ಅದರ ಪಕ್ಕ ಅರ್ಧ ಪುಟ ತುಂಬಿರುವ ಫೋಟೊ ಅನಾಥ. ತೆಗೆದವರ ಹೆಸರು ಹಾಕಿದರೂ ಇರುವೆ ಗಾತ್ರದಲ್ಲಿ, ಅಂಚಿನಲ್ಲಿ ಅಡ್ಡಡ್ಡ. ನಿಮ್ಮಂಥವರು ‘ಇದು ಬರೀ ಹೊಟ್ಟೆಪಾಡು’ ಅನ್ನುವ ಹಾಗೆ ಆದದ್ದರಲ್ಲಿ ನಮ್ಮ ಪಾಲೂ ಇದೆ. ಹೆಸರೇ ಇಲ್ಲದ ಕೆಲಸವನ್ನು ಯಾರು ತನ್ನದು ಅಂದುಕೊಂಡಾರು?

ಫೋಟೊದ ಒಳಗಿರುವವರ ಹೆಸರಿನ ವಿಷಯ ಇನ್ನೂ ಕಷ್ಟದ್ದು. ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ ‘ವಲಸೆ ತಾಯಿ’ ಎಂಬ ಚಿತ್ರ ನಿಮಗೆ ಗೊತ್ತೇ ಇರುತ್ತದೆ. ಒಂದು ತಿಂಗಳ ತಿರುಗಾಟ ಮುಗಿಸಿ, ಮಳೆಯಲ್ಲಿ ಮನೆಯ ಕಡೆ ಕಾರು ಓಡಿಸುತ್ತಿದ್ದರು. ಬಟಾಣಿ ಕೀಳುವವರ ಬಿಡಾರ ಅಂತ ಒಂದು ಬೋರ್ಡ್ ಕಂಡಿತು. ದಾಟಿ ಹೋದರು. ಸಾಕಷ್ಟು ಚಿತ್ರ ಆಗಿದೆ, ಇನ್ನು ಯಾಕೆ ಅಂತ ಮನಸ್ಸಿನಲ್ಲೇ ವಾದ ಮಾಡಿಕೊಳ್ಳುತ್ತಾ 20 ಮೈಲಿ ಹೋದರು. ಆಮೇಲೆ ಕಾರು ತಿರುಗಿಸಿದರು. ಆ ತಿರುಗಿಸಿದ್ದಿದೆಯಲ್ಲ, ಛಾಯಾಗ್ರಾಹಕರ ಬದುಕು ಅಂದರೆ ನನಗೆ ನೆನಪಾಗುವುದು ಅದೇ. ಆದರೆ ಅದೇ ಲ್ಯಾಂಗ್ ಆ ತಾಯಿಯ ಹೆಸರು ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ಅಷ್ಟು ವರ್ಷ ತನ್ನ ಮುಖ ಎಲ್ಲ ಕಡೆ ಅಚ್ಚಾಗುತ್ತಿದ್ದರೂ ತನಗೆ ಏನೂ ಸಿಗಲಿಲ್ಲ ಅಂತ ಆಕೆಗೆ ನೋವಿತ್ತು. ಲ್ಯಾಂಗ್ ಮೇಲೆ ನನಗೆ ಎಷ್ಟು ಪ್ರೀತಿ ಇದ್ದರೂ ಇದನ್ನು ಮುಚ್ಚಿಡಲಾರೆ. 20 ಮೈಲಿ ವಾಪಸ್ ಬಂದವರು ಇನ್ನೂ ಐದು ನಿಮಿಷ ನಿಂತು ಹೆಸರು ಕೇಳಬಹುದಿತ್ತು.

ಛಾಯಾಗ್ರಾಹಕರು ಜನರ ಜೊತೆ ನಡೆದುಕೊಳ್ಳುವ ರೀತಿ ಅಂದಾಗ ಹೋಮಾಯಿ ವ್ಯಾರಾವಾಲಾ ನೆನಪಾಗುತ್ತಾರೆ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಸ್ವಾತಂತ್ರ್ಯ ಬಂದ ಕಾಲವನ್ನು ಹತ್ತಿರದಿಂದ ಚಿತ್ರ ತೆಗೆದವರು. 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಹೊಸದಾಗಿ ಬಂದ ಛಾಯಾಗ್ರಾಹಕರು ಜನರ ಮೇಲೆ ಬೀಳುವ ರೀತಿ ಅವರಿಗೆ ಹಿಡಿಸಲಿಲ್ಲ. ಆಮೇಲೆ 40 ವರ್ಷಕ್ಕೂ ಜಾಸ್ತಿ ಬದುಕಿದ್ದರು, ಕೆಲಸಕ್ಕೆ ಮರಳಲಿಲ್ಲ. ಇವತ್ತಿನ ನೂಕುನುಗ್ಗಲನ್ನು ನೋಡಿದಾಗಲೆಲ್ಲ, ಸಾವಿನ ಮನೆಯಲ್ಲೂ ಮುಖದ ಹತ್ತಿರ ಲೆನ್ಸ್ ಹಿಡಿಯುವವರನ್ನು ನೋಡಿದಾಗಲೆಲ್ಲ, ಅವರು ಮಾಡಿದ್ದು ಸರಿ ಅನ್ನಿಸುತ್ತದೆ.

ನಿಮ್ಮ ಪತ್ರದ ಕೊನೆಯ ಸಾಲುಗಳಿಗೆ ಬರುತ್ತೇನೆ. ಅಲ್ಲಿ ನಿಮ್ಮ ಸಿಟ್ಟು ಇಲ್ಲ. ಅಪ್ಪ ನಿದ್ದೆ ಹೋಗಿದ್ದರು ಅಂತ ಬರೆದು ಅಷ್ಟಕ್ಕೇ ಬಿಡಬಹುದಿತ್ತು. ಕನ್ನಡಕ ಕೈಯಲ್ಲೇ ಇತ್ತು ಅಂತ ಸೇರಿಸಿದಿರಿ. ಅದನ್ನು ಬಿಟ್ಟು ಹೇಳಲು ನಿಮ್ಮಿಂದ ಆಗಲಿಲ್ಲ. ಕೊಟ್ಟು ಮುಗಿಸಿದ ಮೂರು ಸಾವಿರ ಫ್ರೇಮುಗಳಲ್ಲಿ ಒಂದರ ಬಗ್ಗೆಯೂ ನೀವು ಹೀಗೆ ಬರೆದಿಲ್ಲ. ಆ ಸಂಜೆ ನೀವು ಅಪ್ಪನ ಎದುರು ಎಷ್ಟು ಹೊತ್ತು ನಿಂತಿದ್ದಿರಿ? ಶಟರಿನ ಸದ್ದಿಗೆ ಎಚ್ಚರವಾದೀತು ಅಂತ ಉಸಿರು ಹಿಡಿದಿದ್ದಿರಾ? ನಮ್ಮ ಸಂದರ್ಶನದಲ್ಲಿ ಆ ಹಿರಿಯರು ಹೇಳಿದ್ದು ಇದನ್ನೇ. ನೀವು ಅವರ ಮೇಲೆ ರೇಗಿದಿರಿ, ಆದರೆ ಅವರ ಹಾಗೆಯೇ ಒಂದು ಸಂಜೆ ಕಳೆದಿದ್ದೀರಿ.

ಆ ಫೋಟೊ ನನಗೆ ಕಳಿಸಿ. ಅಪ್ಪನನ್ನು ಒಂದು ಮಾತು ಕೇಳಿ, ಅವರು ಒಪ್ಪಿದರೆ ಮಾತ್ರ. ಪುಟಕ್ಕೆ ಹೊಂದಲಿ ಅಂತ ನೀವು ಏನನ್ನೂ ಕತ್ತರಿಸಬೇಡಿ, ನಾವೂ ಕತ್ತರಿಸುವುದಿಲ್ಲ. ಪತ್ರಕ್ಕೆ ಹೆಸರು ಬೇಡ ಅಂದಿರಿ, ಹಾಕಿಲ್ಲ. ಫೋಟೊದ ಕೆಳಗೆ ಮಾತ್ರ ಎರಡು ಹೆಸರು ಬೇಕು, ನಿಮ್ಮದು ಮತ್ತು ಅಪ್ಪನದು.