‘ಕಾಣಲೇ ಇಲ್ಲ’ ಅಂದರೆ ಸಾಕೇ?

ಪ್ರಶ್ನೆ: ಮಗ ಎಂಟನೇ ಕ್ಲಾಸು. ಸೈಕಲ್ ಮೇಲೆ ಶಾಲೆಗೆ ಹೋಗುತ್ತಾನೆ. ಕಬ್ಬಿನ ಸೀಸನ್ನಲ್ಲಿ ನಮ್ಮ ರಸ್ತೆ ತುಂಬ ಲಾರಿ. ಹೋದ ವಾರ ಎಡಕ್ಕೆ ತಿರುಗಿದ ಲಾರಿಯ ಹಿಂದಿನ ಗಾಲಿ ಸೈಕಲ್ ಮೇಲೆ ಹಾಯಿತು. ಮಗ ಜಿಗಿದು ಉಳಿದ. ‘ನನಗೆ ಕಾಣಲೇ ಇಲ್ಲ, ಹುಡುಗನಿಗೆ ಬುದ್ಧಿ ಹೇಳಿ’ ಅಂದ ಡ್ರೈವರ್. ತಪ್ಪು ಯಾರದು?
– ಒಬ್ಬ ತಾಯಿ, ಮುಧೋಳ

ಉತ್ತರ: ಅಕ್ಕಾವರೇ, ಮೊದಲು ಮಗನನ್ನು ಬೈಯಬೇಡಿ. ನಾನು 22 ವರ್ಷ ಲಾರಿ ಓಡಿಸಿದವನು. ಈಗ ಬಾಗಲಕೋಟೆಯಲ್ಲಿ ಹುಡುಗರಿಗೆ ಡ್ರೈವಿಂಗ್ ಕಲಿಸುತ್ತೇನೆ. ಆ ಡ್ರೈವರನಿಗೆ ಕಾಣದೇ ಇದ್ದಿರಬಹುದು. ಆದರೆ ಕಾಣದಾಗ ನಿಲ್ಲಬೇಕಾದವನು ಅವನೇ.

ಸ್ಟೇರಿಂಗ್ ಬಲಕ್ಕೆ, ಸೀಟು ಆಳೆತ್ತರ. ಎಡಬಾಗಿಲಿಗೆ ಒತ್ತಿ ನಿಂತ ಸೈಕಲ್, ಬಂಪರ್ ಮುಂದೆಯೇ ದಾಟುವ ಮಗು ಕಣ್ಣಿಗೆ ಬೀಳುವುದಿಲ್ಲ. ಕಲಿಯಲು ಬಂದವರನ್ನು ಸೀಟಿನಲ್ಲಿ ಕೂರಿಸಿ, ನಾನೇ ಸೈಕಲ್ ಹಿಡಿದು ಎಡಗಡೆ ನಿಲ್ಲುತ್ತೇನೆ. ‘ಎಲ್ಲಿದ್ದೀನಿ ಹೇಳು’ ಅಂತ ಕೂಗುತ್ತೇನೆ. ತಡಕಾಡುತ್ತಾರೆ. ಆಮೇಲೆ ಅವರನ್ನೇ ಇಳಿಸಿ ಅದೇ ಜಾಗದಲ್ಲಿ ನಿಲ್ಲಿಸುತ್ತೇನೆ. ಇನ್ನು ತಿರುವಿನಲ್ಲಿ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಸರಿದು ಬರುತ್ತದೆ. ನಿಮ್ಮ ಮಗ ಸಿಕ್ಕಿದ್ದು ಇದಕ್ಕೇ.

ನಮ್ಮ ಕಾಲದಲ್ಲಿ ಎಡಕ್ಕೆ ಕ್ಲೀನರ್ ಇರುತ್ತಿದ್ದ. ತಲೆ ಹೊರಗೆ ಹಾಕಿ, ಬಾಗಿಲು ಬಡಿದು, ‘ಸೈಕಲ್ ಐತಿ, ತಡಿ’ ಅನ್ನುತ್ತಿದ್ದ. ಆ ಬಡಿತ ಕೇಳಿ ನಾನು ಎಷ್ಟು ಸಲ ಬ್ರೇಕ್ ಒತ್ತಿದ್ದೇನೋ! ಈಗ ಒಂದು ಸಂಬಳ ಉಳಿಸಲು ಡ್ರೈವರನ್ನು ಒಬ್ಬನನ್ನೇ ಕಳಿಸುವ ಮಾಲೀಕರಿದ್ದಾರೆ. ಅವರದೂ ತಪ್ಪೇ. ಬಿದ್ದವರು ಗಾಲಿಯ ಕೆಳಗೆ ಹೋಗದಂತೆ ಲಾರಿಯ ಪಕ್ಕಕ್ಕೆ ಅಡ್ಡಪಟ್ಟಿ ಇರಬೇಕು ಅಂತ ನಿಯಮವೇ ಇದೆ. ಬಗ್ಗಿದರೆ ಕಿತ್ತೆಸೆದು ಓಡಿಸುವವರನ್ನು ನಾನೇ ನೋಡಿದ್ದೇನೆ. ಲಂಡನ್ನಿನಲ್ಲಿ 2021ರಿಂದ 12 ಟನ್ ಮೀರಿದ ಲಾರಿಗೆ ಸುಮ್ನೆ ಪರ್ಮಿಟ್ ಸಿಗುವುದಿಲ್ಲ. ಕ್ಯಾಬಿನ್ನಿನಿಂದ ಹೊರಗೆ ಎಷ್ಟು ಕಾಣುತ್ತದೆ ಎಂದು ಅಳೆಯುತ್ತಾರೆ. ಕಮ್ಮಿ ಕಂಡರೆ ಕ್ಯಾಮೆರಾ, ಸೆನ್ಸರ್ ಹಾಕಿಸಲೇಬೇಕು.

ರಸ್ತೆ ಮಾಡಿದವರನ್ನೂ ಬಿಡಬಾರದು. ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು, ಅಂಗವೈಕಲ್ಯ ಆದರೆ ಅವರಿಗೂ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 198ಎ ಕಲಂ ಅದು.

ಮಗನಿಗೆ ಇಷ್ಟು ಹೇಳಿ: ತಿರುವಿನಲ್ಲಿ ಲಾರಿಯ ಎಡಕ್ಕೆ ನುಗ್ಗಬೇಡ, ಹಿಂದೆಯೇ ನಿಲ್ಲು. ಅವನ ಜೀವಕ್ಕಾಗಿ ಈ ಮಾತು, ಡ್ರೈವರನ ತಪ್ಪು ಇದರಿಂದ ಕಮ್ಮಿಯಾಗಲ್ಲ.

ಲಾರಿ ನಂಬರ್ ಇದ್ದರೆ ಠಾಣೆಯಲ್ಲಿ ದೂರು ಬರೆದುಕೊಡಿ. ಹಾಗೇ ಓಣಿಯ ನಾಲ್ಕು ತಾಯಂದಿರು ಸೇರಿ, ಆ ಕಬ್ಬು ಹೋಗುವ ಫ್ಯಾಕ್ಟರಿಗೆ ಹೋಗಿ. ಶಾಲೆ ಕೂಡುವ, ಬಿಡುವ ಹೊತ್ತಿಗೆ ಅರ್ಧ ಗಂಟೆ ಲಾರಿ ಬಿಡಬೇಡಿ ಅಂತ ಕೇಳಿ.